ಚಿಕ್ಕವಳ ಕುರ್ಚಿ

ಚಿಕ್ಕವಳಿಗೆ ಕುರ್ಚಿ ಬಂತು. ಕೆಂಪು ಪ್ಲಾಸ್ಟಿಕ್ ಕುರ್ಚಿ. ಬೆನ್ನಿಗೆ ಒರಗು, ಎರಡು ಕಡೆ ಕೈ. ಹಿಂದಿನ ಕೋಣೆಯ ಬಾಗಿಲಲ್ಲಿ ಒದ್ದೆ ಬಟ್ಟೆಯ ಗಾಡಿ ಹಿಡಿದು ನಿಂತಿದ್ದ ದೊಡ್ಡವಳು ಅದನ್ನು ನೋಡಿದಳು. ಅವಳ ಹೊಟ್ಟೆ ಧಗಧಗ ಉರಿಯಿತು.

ಇಬ್ಬರೂ ಒಂದೇ ಮನೆಯ ಸೊಸೆಯಂದಿರು. ಅಣ್ಣನ ಹೆಂಡತಿ ದೊಡ್ಡವಳು, ತಮ್ಮನ ಹೆಂಡತಿ ಚಿಕ್ಕವಳು. ಅತ್ತೆ ಹಾಗೆ ಕರೆದಳು, ಮಿಕ್ಕವರೂ ಹಾಗೇ ಕರೆದರು. ಇಬ್ಬರೂ ದುಡಿಯುವುದು ಒಂದೇ ಲಾಂಡ್ರಿಯಲ್ಲಿ. ದೊಡ್ಡ ದೊಡ್ಡ ಹೋಟೆಲುಗಳ ಬಟ್ಟೆ ಅಲ್ಲಿಗೆ ಬರುತ್ತದೆ. ಯಾರೋ ಹೊರಳಾಡಿ ಎದ್ದ ಚಾದರ, ಯಾರೋ ಮೈ ಒರೆಸಿ ಎಸೆದ ಟವೆಲು. ಹಿಂದಿನ ಕೋಣೆಯಲ್ಲಿ ಒಗೆಯುತ್ತಾರೆ, ಮುಂದಿನ ಹಾಲಿನಲ್ಲಿ ಮಡಿಸುತ್ತಾರೆ. ಮುಂದಿನ ಹಾಲಿಗೆ ರಸ್ತೆಯ ಕಡೆ ಗೋಡೆಯಿಲ್ಲ, ಪೂರ್ತಿ ಗಾಜು. ಹೋಟೆಲಿನವರು ಬಂದರೆ ಅಲ್ಲೇ ನಿಂತು ನೋಡಬೇಕು, ಎಷ್ಟು ಚೊಕ್ಕ ಅನ್ನಬೇಕು.

ಮಡಿಸುವವರು ದಿನವಿಡೀ ನಿಂತೇ ಇರಬೇಕು. ಕೂತರೆ ಗಾಜಿನಾಚೆಯವರಿಗೆ ಸೋಮಾರಿಗಳಂತೆ ಕಾಣುತ್ತಾರೆ ಎಂದು ಸೂಪರ್‌ವೈಸರ್ ಹೇಳಿಬಿಟ್ಟಿದ್ದ. ಹೆಂಗಸರು ಅವನಿಗೆ ಇಸ್ತ್ರಿ ಎಂದು ಹೆಸರಿಟ್ಟಿದ್ದರು. ಅಂಗಿಯಲ್ಲಿ ಸುಕ್ಕಿಲ್ಲ, ಮುಖದಲ್ಲಿ ನಗುವಿಲ್ಲ. ಅಂಥ ಇಸ್ತ್ರಿಯೇ ಕುರ್ಚಿಯನ್ನು ಎತ್ತಿ ತಂದು ಹಾಕಿದ.

"ಕೂತ್ಕೊಂಡೇ ಮಾಡಮ್ಮ. ದಿಂಬಿನ ಕವರು, ಸಣ್ಣ ಟವೆಲು, ಅಷ್ಟು ಮಡಿಸಿದ್ರೆ ಸಾಕು. ಥೈರಾಯಿಡ್ ಅಂದ್ರೆ ಹುಡುಗಾಟ ಅಲ್ಲ. ನಮ್ಮ ಮನೆಯವಳಿಗೂ ಇದೆ, ನಂಗೊತ್ತು."

ಚಿಕ್ಕವಳು ಕೂತಳು. ಬೆನ್ನು ಒರಗಿಸಿದಳು. ಕಾಲು ಚಾಚಿದಳು. ಆ ಕಾಲು ಚಾಚಿದ್ದನ್ನು ದೊಡ್ಡವಳಿಗೆ ತಡೆಯಲಾಗಲಿಲ್ಲ.

ಮೊದಲು ದೊಡ್ಡವಳೂ ಅದೇ ಹಾಲಿನಲ್ಲಿದ್ದಳು. ದೊಡ್ಡ ಚಾದರವನ್ನು ಒಬ್ಬರೇ ಮಡಿಸಲಾಗುವುದಿಲ್ಲ. ಇಬ್ಬರು ಬೇಕು. ಎರಡು ತುದಿ ಹಿಡಿದು ಎದುರುಬದುರು ನಿಲ್ಲಬೇಕು. ಒಮ್ಮೆ ಜಾಡಿಸಬೇಕು. ಆಮೇಲೆ ಒಬ್ಬರ ಕಡೆ ಒಬ್ಬರು ನಡೆದು ಬಂದು ಮೂಲೆಗೆ ಮೂಲೆ ಸೇರಿಸಬೇಕು. ಮೂಲೆ ಸೇರುವಾಗ ಬೆರಳಿಗೆ ಬೆರಳು ತಾಗುತ್ತದೆ. ತಾಗದೆ ಮಡಿಸುವ ಉಪಾಯ ಯಾರೂ ಕಂಡುಹಿಡಿದಿಲ್ಲ. ದೊಡ್ಡವಳು, ಚಿಕ್ಕವಳು ಇಬ್ಬರೂ ಜೋಡಿ. ಮನೆಯಲ್ಲಿ ಜಗಳವಾಡಿ ಬಂದ ದಿನವೂ ಇಲ್ಲಿ ಬೆರಳಿಗೆ ಬೆರಳು ತಾಗಿಸಿ ಮಡಿಸಿದವರು.

ಆಮೇಲೆ ದೊಡ್ಡವಳ ಬೆರಳ ತುದಿ ಬೆಳ್ಳಗಾಯಿತು. ಮೊದಲು ಬ್ಲೀಚಿಂಗ್ ಪೌಡರಿನ ಗುರುತು ಅಂದುಕೊಂಡಳು. ತಿಕ್ಕಿ ತೊಳೆದಳು. ಹೋಗಲಿಲ್ಲ. ಬಿಳುಪು ಗೆಣ್ಣು ದಾಟಿತು, ಮಣಿಕಟ್ಟಿಗೆ ಬಂತು, ತುಟಿಯ ಅಂಚಿಗೆ ಹತ್ತಿತು. ನೋವಿಲ್ಲ, ತುರಿಕೆಯಿಲ್ಲ. ತೊನ್ನು.

ಮೂಲೆ ಸೇರಿಸುವ ಹೊತ್ತಿಗೆ ಸರಿಯಾಗಿ ಚಿಕ್ಕವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ಮೂಲೆ ಮೇಜಿನ ಮೇಲೆ ಬಿಡಕ್ಕ, ನಾನೇ ತಗೋತೀನಿ."

ಮೇಜಿನ ಮೇಲೆ ಬಿಟ್ಟು ಮಡಿಸಿದ ಚಾದರ ಸೊಟ್ಟಗಾಗುತ್ತದೆ. ಸೊಟ್ಟ ಮಡಿಕೆ ಇಸ್ತ್ರಿಯ ಕಣ್ಣಿಗೆ ಬಿತ್ತು. ಮಡಿಕೆಯಿಂದ ಅವನ ಕಣ್ಣು ದೊಡ್ಡವಳ ಕೈಗೆ ಹೋಯಿತು. ಆ ಹಾಲಿನಲ್ಲಿ ಒಂದು ರೂಢಿ ಇದೆ. ಮಡಿಸುವ ಮೊದಲು ಚಾದರವನ್ನು ಬೆಳಕಿಗೆ ಹಿಡಿಯುತ್ತಾರೆ. ಎಲ್ಲಾದರೂ ಚುಕ್ಕೆ ಕಂಡರೆ "ಕಲೆ!" ಎಂದು ಕೂಗುತ್ತಾರೆ. ಕೂಗಿದ ಚಾದರ ಹಿಂದಿನ ಕೋಣೆಗೆ ಹೋಗುತ್ತದೆ. ಅವತ್ತು ಇಸ್ತ್ರಿ ದೊಡ್ಡವಳ ಕೈ ನೋಡುತ್ತ ನಿಂತಿದ್ದಾಗ ಮೇಜಿನ ಆ ಕೊನೆಯಿಂದ ಯಾರೋ "ಕಲೆ!" ಎಂದು ಕೂಗಿದರು. ಹಾಲಿಗೆ ಹಾಲೇ ನಕ್ಕಿತು. ಚಿಕ್ಕವಳೂ ತುಟಿ ಕಚ್ಚಿ ನಕ್ಕಳು. ಬಿಳಿ ಬಿಳಿ ಎಂದು ಬಡಿದಾಡುವ ಜಾಗದಲ್ಲಿ ಅವಳ ಕೈಯ ಬಿಳಿ ಮಾತ್ರ ಕಲೆಯಾಯಿತು.

"ಗಾಜಿಂದ ಕಾಣುತ್ತೆ," ಎಂದ ಇಸ್ತ್ರಿ. "ಹೋಟೆಲಿನವ್ರು ಏನಂದ್ಕೋತಾರೆ? ಹಿಂದೆ ಹೋಗು. ಗ್ಲೌಸ್ ಹಾಕ್ಕೋ."

"ಅಂಟೋದಲ್ಲ ಸಾರ್ ಇದು."

"ಅಂಟುತ್ತೆ ಅಂತ ನಾನೆಲ್ಲಿ ಹೇಳ್ದೆ? ಕಾಣುತ್ತೆ ಅಂದೆ."

ಹಿಂದಿನ ಕೋಣೆಯಲ್ಲಿ ಗಾಜಿಲ್ಲ. ಕಿಟಕಿಯೂ ಇಲ್ಲ. ಕಾಲಡಿ ಸದಾ ನೀರು. ಯಂತ್ರ ನಿಂತ ಮೇಲೆ ಸೊಂಟದವರೆಗೆ ಅದರೊಳಗೆ ಬಗ್ಗಬೇಕು. ಒಂದಕ್ಕೊಂದು ಸುತ್ತಿಕೊಂಡ ಚಾದರಗಳನ್ನು ಬಿಡಿಸಿ ಎಳೆಯಬೇಕು. ನೀರು ಕುಡಿದ ಚಾದರ ಹೆಣಭಾರ. ಎಳೆದು, ಗಾಡಿಗೆ ಹಾಕಿ, ಒಣಗಿಸುವ ಯಂತ್ರದವರೆಗೆ ತಳ್ಳಬೇಕು. ಗಾಡಿಯ ಒಂದು ಚಕ್ರ ತಿರುಗುವುದಿಲ್ಲ. ಅದನ್ನು ಎದೆಯಿಂದ ತಳ್ಳಬೇಕು.

ಮೊದಮೊದಲು ತಳ್ಳಿದಳು. ಸಿಟ್ಟಿಗೇ ತಳ್ಳಿದಳು. ಆಮೇಲೆ ಮೈ ಕೈಕೊಟ್ಟಿತು. ಬೆಳಿಗ್ಗೆ ಎದ್ದರೆ ರೆಪ್ಪೆ ಊದಿ ಕಣ್ಣು ಬಿಡಲಾಗುತ್ತಿರಲಿಲ್ಲ. ತಲೆ ಬಾಚಿದರೆ ಕೂದಲು ಹಿಡಿಹಿಡಿ ಬರುತ್ತಿತ್ತು. ಹಬೆಯಲ್ಲಿ ಎಲ್ಲರೂ ಬೆವರುವಾಗ ಅವಳಿಗೆ ಚಳಿ. ಉಣ್ಣುವುದು ಕಡಿಮೆಯಾಯಿತು, ಮೈ ಮಾತ್ರ ದಪ್ಪವಾಯಿತು. ದನಿ ಒಡೆದು ಗೊಗ್ಗರಾಯಿತು. ನಿಂತಲ್ಲೇ ತೂಕಡಿಕೆ. ಒಂದು ಸಲ ಯಂತ್ರದೊಳಗೆ ತಲೆ ಹಾಕಿದವಳು ಹಾಗೇ ಕಣ್ಣು ಮುಚ್ಚಿಬಿಟ್ಟಳು. ಜೊತೆಯವರು ಎಳೆದು ನಿಲ್ಲಿಸಿದರು. ಎಳೆದದ್ದು ಉಟ್ಟ ಬಟ್ಟೆ ಹಿಡಿದು, ಕೈ ಹಿಡಿದಲ್ಲ.

"ತೊನ್ನಿನ ಜೊತೆ ಮೈಗಳ್ಳತನ ಬೇರೆ," ಎಂದ ಇಸ್ತ್ರಿ. "ಹೀಗೇ ಆದ್ರೆ ಮನೇಲೇ ಮಲಕ್ಕೋ. ಬೇರೆಯವ್ರು ಸಿಗ್ತಾರೆ."

ಈ ಕೈ ನೋಡಿ ಬೇರೆ ಯಾರು ಕೆಲಸ ಕೊಡುತ್ತಾರೆ?

ಮನೆಯಲ್ಲೂ ಅದೇ ಹಾಡು. "ತಿಂದು ತಿಂದು ಊದಿದ್ದಾಳೆ," ಎನ್ನುತ್ತಿದ್ದಳು ಅತ್ತೆ. ದೊಡ್ಡವಳ ಲೋಟ ಬೇರೆ, ತಟ್ಟೆ ಬೇರೆ. ಗಂಡ ಗೋಡೆ ಕಡೆ ತಿರುಗಿ ಮಲಗುತ್ತಿದ್ದ. ಕೇಳಿದರೆ ಸುಸ್ತು ಎನ್ನುತ್ತಿದ್ದ. ಸುಸ್ತು ಎನ್ನುವ ಹಕ್ಕು ಆ ಮನೆಯಲ್ಲಿ ಎಲ್ಲರಿಗೂ ಇತ್ತು, ಅವಳೊಬ್ಬಳಿಗೆ ಇರಲಿಲ್ಲ.

ಹೀಗಿರುವಾಗ ಚಿಕ್ಕವಳು ಮಡಿಸುವ ಮೇಜಿನ ಪಕ್ಕ ತಲೆ ತಿರುಗಿ ಬಿದ್ದಳು. ಬಿದ್ದಳೋ ಇಲ್ಲವೋ, ಇಸ್ತ್ರಿ ಓಡಿ ಬಂದ. ನೀರು, ಗಾಳಿ, ಆಟೋ, ಆಸ್ಪತ್ರೆ. ರಕ್ತ ತೆಗೆದು ನೋಡಿ ಥೈರಾಯಿಡ್ ಎಂದರು. ಮನೆಗೆ ಮನೆಯೇ ಆ ಹೆಸರನ್ನು ಗೌರವದಿಂದ ಹೇಳಿತು. ಅತ್ತೆ ಬೆಳಿಗ್ಗೆ ಎದ್ದು ಮಾತ್ರೆ ಕೊಟ್ಟಳು. ಸಂಜೆ ಬಿಸಿ ಹಾಲು ಕೊಟ್ಟಳು. ಮೈದುನ ಹೆಂಡತಿಯ ಕಾಲು ಒತ್ತಿದ್ದನ್ನು ದೊಡ್ಡವಳು ಬಾಗಿಲ ಸಂದಿಯಿಂದ ಕಂಡಳು. ಲಾಂಡ್ರಿಯಲ್ಲಿ ಕುರ್ಚಿ ಬಂತು.

ದೊಡ್ಡವಳಿಗೆ ಚಿಕ್ಕವಳ ಸೀರೆಯ ಮೇಲೆ, ಬಣ್ಣದ ಮೇಲೆ, ಗಂಡನ ಮೇಲೆ ಕಣ್ಣಿತ್ತು ಅಂದುಕೊಂಡರೆ ತಪ್ಪು. ಅವಳ ಕಣ್ಣಿದ್ದದ್ದು ಚಿಕ್ಕವಳ ಕಾಯಿಲೆಯ ಮೇಲೆ. ಎಂಥ ಮರ್ಯಾದೆಯ ಕಾಯಿಲೆ! ಹೊರಗೆ ಕಾಣುವುದಿಲ್ಲ. ಹೆಸರು ಹೇಳಿದರೆ ಯಾರೂ ದೂರ ಸರಿಯುವುದಿಲ್ಲ, ಹತ್ತಿರ ಬರುತ್ತಾರೆ. ಪಾಪ ಎನ್ನುತ್ತಾರೆ. ತನ್ನದೂ ಒಂದು ಕಾಯಿಲೆಯೇ? ಬಚ್ಚಲಲ್ಲಿ ಮುಖ ತೊಳೆಯುತ್ತ ಅವಳು ಮೆಲ್ಲಗೆ "ಥೈರಾಯಿಡ್" ಎಂದು ಹೇಳಿ ನೋಡಿಕೊಂಡಳು. ಬಾಯಿಗೆ ಹಿತವಾಗಿತ್ತು.

ಚಿಕ್ಕವಳು ಮತ್ತೆ ಆಸ್ಪತ್ರೆಗೆ ಹೋಗಬೇಕಾಯಿತು. ಗಂಡಸರಿಗೆ ಬಿಡುವಿಲ್ಲ.

"ದೊಡ್ಡವಳೇ, ನೀನು ಹೋಗು. ಅವಳ ಚೀಲ ಹಿಡ್ಕೋ. ಭಾರ ಎತ್ಬಾರ್ದು ಅವಳು," ಎಂದಳು ಅತ್ತೆ.

ಚೀಲದಲ್ಲಿ ಇದ್ದದ್ದು ಒಂದು ನೀರಿನ ಬಾಟಲಿ, ಒಂದು ಶಾಲು. ಹೆಣಭಾರದ ಚಾದರ ಎಳೆಯುವವಳು ಆ ಚೀಲ ಹಿಡಿದು ಹಿಂದೆ ಹಿಂದೆ ನಡೆದಳು.

ಡಾಕ್ಟರಮ್ಮ ಚಿಕ್ಕವಳ ನಾಡಿ ಹಿಡಿದಿದ್ದರು. ಕಣ್ಣು ಮಾತ್ರ ಗೋಡೆಗೆ ಒರಗಿ ನಿಂತ ದೊಡ್ಡವಳ ಮೇಲಿತ್ತು.

"ನೀವು ಯಾರು?"

"ಇವಳ ವಾರಗಿತ್ತಿ. ಚೀಲ ಹಿಡ್ಕೊಂಡು ಬಂದೆ."

"ನಿಮ್ಮ ದನಿ ಮೊದ್ಲಿಂದ್ಲೂ ಹೀಗೇನಾ?"

"ಇಲ್ಲ. ಈಚೆಗೆ."

"ಚಳಿ ಆಗುತ್ತಾ? ಕೂದಲು ಉದುರುತ್ತಾ? ಬೆಳಿಗ್ಗೆ ಮುಖ ಊದಿರುತ್ತಾ?"

ದೊಡ್ಡವಳು ಪ್ರತಿಯೊಂದಕ್ಕೂ ತಲೆಯಾಡಿಸಿದಳು. ಈ ಹೆಂಗಸು ತನ್ನ ಮನೆಯಲ್ಲೇ ಇದ್ದು ನೋಡಿದ್ದಾಳೆಯೇ ಅನ್ನಿಸಿತು. ಚಿಕ್ಕವಳಿಗೆ ಸಹಿಸಲಾಗಲಿಲ್ಲ.

"ಡಾಕ್ಟ್ರೇ, ಪೇಷಂಟು ನಾನು."

"ಗೊತ್ತಮ್ಮ, ಇರಿ ಒಂದು ನಿಮಿಷ."

ಡಾಕ್ಟರಮ್ಮ ಎದ್ದು ಬಂದರು. ಗ್ಲೌಸ್ ಹಾಕಿಕೊಳ್ಳಲಿಲ್ಲ. ದೊಡ್ಡವಳ ಕುತ್ತಿಗೆಯ ಮೇಲೆ ಎರಡೂ ಕೈಯ ಬೆರಳಿಟ್ಟು ಒತ್ತಿ ನೋಡಿದರು. "ಉಗುಳು ನುಂಗಿ," ಎಂದರು. ನುಂಗಿದಳು. ಅವಳ ಚರ್ಮವನ್ನು ಇನ್ನೊಬ್ಬರು ಮುಟ್ಟಿ ಎಷ್ಟು ಕಾಲವಾಗಿತ್ತೋ. ಎರಡನೇ ಸಲ ನುಂಗಲಾಗಲಿಲ್ಲ.

"ಈ ಬಿಳಿ ಮಚ್ಚೆಗೆ ಯಾರ ಹತ್ರ ತೋರಿಸಿದ್ರಿ?"

"ಸುಮಾರು ಜನಕ್ಕೆ ತೋರಿಸ್ದೆ. ಮುಲಾಮು ಕೊಟ್ರು."

"ರಕ್ತ ಯಾರೂ ನೋಡಲಿಲ್ವಾ?"

"ಚರ್ಮಕ್ಕೆ ಬಂದಿದ್ದಕ್ಕೆ ರಕ್ತ ಯಾಕೆ ನೋಡ್ತಾರೆ?"

ಡಾಕ್ಟರಮ್ಮ ಆಗಲೇ ರಕ್ತ ತೆಗೆಸಿದರು. ಫಲಿತಾಂಶ ಬಂದ ಮೇಲೆ ಇಬ್ಬರನ್ನೂ ಒಟ್ಟಿಗೆ ಕೂರಿಸಿದರು.

"ನಿಮಗೂ ಥೈರಾಯಿಡ್ ಇದೆ. ನಿಮ್ಮ ವಾರಗಿತ್ತಿಗಿಂತ ನಿಮ್ಮದೇ ಜಾಸ್ತಿ. ನೋಡಿ, ನಮ್ಮ ಮೈ ಕಾಯೋಕೆ ಅಂತ ಒಳಗೆ ಕಾವಲು ಇರುತ್ತೆ. ಅದು ಕೆಲವ್ರಲ್ಲಿ ದಾರಿ ತಪ್ಪುತ್ತೆ, ಮನೆ ಕಾಯೋ ನಾಯಿ ಮನೆಯವ್ರನ್ನೇ ಕಚ್ಚಿದ ಹಾಗೆ. ಬಣ್ಣ ಮಾಡೋ ಜಾಗಕ್ಕೆ ಕಚ್ಚಿದ್ರೆ ತೊನ್ನು. ಕುತ್ತಿಗೇಲಿರೋ ಗ್ರಂಥಿಗೆ ಕಚ್ಚಿದ್ರೆ ಥೈರಾಯಿಡ್ ತೊಂದ್ರೆ."

"ಹಾಗಾದ್ರೆ ಎರಡೂ ಒಂದೇನಾ?" ದೊಡ್ಡವಳು ಕೇಳಿದಳು.

"ಒಂದೇ ಅಲ್ಲ. ನಿಮ್ಮಿಬ್ರ ಹಾಗೆ, ವಾರಗಿತ್ತಿಯರು ಅಂದ್ಕೊಳ್ಳಿ. ಬೇರೆ ಬೇರೆಯವ್ರು, ಆದ್ರೆ ಒಂದೇ ಮನೆ ಸೇರೋದು ಜಾಸ್ತಿ. ತೊನ್ನು ಇರೋರಲ್ಲಿ ಥೈರಾಯಿಡೂ ಇದೆಯಾ ಅಂತ ನೋಡ್ಲೇಬೇಕು. ಯಾರಾದ್ರೂ ಮೊದ್ಲೇ ನೋಡಿದ್ದಿದ್ರೆ ನೀವು ಇಷ್ಟು ಒದ್ದಾಡ್ತಿರಲಿಲ್ಲ."

ಚಿಕ್ಕವಳು ಬೆಚ್ಚಿದಳು. "ಅಂದ್ರೆ ನನಗೂ ಅದು ಬರುತ್ತಾ?"

"ಬರ್ಲೇಬೇಕು ಅಂತೇನಿಲ್ಲ. ಎಷ್ಟೋ ಜನಕ್ಕೆ ಬರಲ್ಲ. ಬಂದ್ರೂ ಅದು ಅಂಟೋದಲ್ಲ. ಇಬ್ರೂ ಮಾತ್ರೆ ತಗೊಳ್ಳಿ. ಸದ್ಯಕ್ಕೆ ಭಾರ ಎತ್ಬೇಡಿ."

ಮಿಕ್ಕದ್ದೆಲ್ಲ ದೊಡ್ಡವಳ ಕಿವಿಗೆ ಬಿದ್ದರೂ ಮನಸ್ಸಿಗೆ ಬೀಳಲಿಲ್ಲ. ನಿಮ್ಮದೇ ಜಾಸ್ತಿ ಎಂಬ ಒಂದು ಮಾತು ಕುಣಿಯುತ್ತಿತ್ತು. ಮೈಗಳ್ಳಿಯಲ್ಲ ತಾನು. ತಿಂದು ಊದಿದವಳಲ್ಲ. ಚಿಕ್ಕವಳ ಹತ್ತಿರ ಇರುವುದೇ ತನ್ನ ಹತ್ತಿರ ಇದೆ, ಇನ್ನೂ ಜಾಸ್ತಿ ಇದೆ. ಕಾಯಿಲೆ ಬಂತೆಂದು ಖುಷಿಪಡುವವರನ್ನು ನೀವು ಕಂಡಿರಲಿಕ್ಕಿಲ್ಲ. ಅವಳು ಖುಷಿಪಟ್ಟಳು. ಅವಳನ್ನು ಅಲ್ಲಿಯವರೆಗೆ ತಂದು ನಿಲ್ಲಿಸಿದವರು ನಾಚಿಕೆಪಟ್ಟುಕೊಳ್ಳಲಿ.

ಅತ್ತೆಗೆ ಹೇಳಿದಳು. ಅತ್ತೆ ಹಾಲಿನ ಪಾತ್ರೆ ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟಳು.

"ಇರೋದು ಸಾಲ್ದು ಅಂತ ಅವಳದನ್ನೂ ಕಿತ್ಕೊಂಡ್ಯಾ? ಏನು ಹೊಟ್ಟೆಕಿಚ್ಚೇ ನಿಂದು!"

ಹಾಲು ಒಂದೇ ಲೋಟಕ್ಕೆ ಬಿತ್ತು. ದೊಡ್ಡವಳು ಮಾತ್ರೆ ನುಂಗಿ ಕೆಲಸಕ್ಕೆ ಹೋದಳು. ಹಿಂದಿನ ಕೋಣೆಗೆ ಹೋಗದೆ ನೇರವಾಗಿ ಮುಂದಿನ ಹಾಲಿಗೆ ಹೋಗಿ ಇಸ್ತ್ರಿಯ ಮುಂದೆ ನಿಂತಳು.

"ನನಗೂ ಕುರ್ಚಿ ಬೇಕು."

ಇಸ್ತ್ರಿಯ ಮುಖದಲ್ಲಿ ಅಪರೂಪಕ್ಕೆ ನಗು ಬಂತು. "ಯಾಕೆ? ತೊನ್ನಿಗೆ ಕಾಲು ನೋವು ಬರುತ್ತಾ?"

"ನನಗೂ ಥೈರಾಯಿಡ್ ಇದೆ. ಡಾಕ್ಟರಮ್ಮ ಹೇಳಿದ್ದಾರೆ, ಇವಳಿಗಿಂತ ಜಾಸ್ತಿ ಇದೆ. ತೊನ್ನು ಇರೋರಿಗೆ ಅದೂ ಬರೋದುಂಟು. ಎರಡಕ್ಕೂ ಬೇರು ಒಂದೇ."

ಕುರ್ಚಿಯಲ್ಲಿದ್ದ ಚಿಕ್ಕವಳು ಕಣ್ಣಲ್ಲೇ ಬೇಡ ಬೇಡ ಎಂದಳು. ಇಸ್ತ್ರಿಯ ನಗು ನಿಂತಿತು. ಅವನು ಚಿಕ್ಕವಳ ಕೈ ನೋಡಿದ, ತುಟಿ ನೋಡಿದ.

"ಬೇರು ಒಂದೇನಾ? ಅಂದ್ರೆ ಇವಳಿಗೂ ತೊನ್ನು ಬರುತ್ತಾ?"

ಬರಲೇಬೇಕೆಂದಿಲ್ಲ, ಅಂಟುವುದಿಲ್ಲ. ಡಾಕ್ಟರಮ್ಮ ಹೇಳಿದ್ದು ದೊಡ್ಡವಳ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಚಿಕ್ಕವಳ ಚಾಚಿದ ಕಾಲು ಕಣ್ಣಿಗೆ ಬಿತ್ತು.

"ಬಂದ್ರೂ ಬರಬಹುದು," ಎಂದಳು.

ಇಸ್ತ್ರಿ ಎರಡು ಹೆಜ್ಜೆ ಹಿಂದಕ್ಕೆ ಸರಿದ. ಮೇಜಿನ ಸುತ್ತ ಇದ್ದವರೂ ಸರಿದರು. ಚಿಕ್ಕವಳು ಮಡಿಸಿಟ್ಟ ದಿಂಬಿನ ಕವರುಗಳನ್ನು ಯಾರೋ ಕೋಲಿನಿಂದ ಬುಟ್ಟಿಗೆ ತಳ್ಳಿದರು. "ಏಳು," ಎಂದ ಇಸ್ತ್ರಿ. ಅಮ್ಮ ಎಂಬ ಮಾತು ಹೋಗಿತ್ತು. "ನೀನೂ ಹಿಂದೆ ಹೋಗು."

ನಿಜ ಹೇಳಬೇಕೆಂದರೆ ದೊಡ್ಡವಳ ಹೊಟ್ಟೆ ತಣ್ಣಗಾಯಿತು. ಚಿಕ್ಕವಳು ಮೊದಲ ಚಾದರ ಎಳೆದು ಮುಗ್ಗರಿಸಿದಾಗಲೂ ತಣ್ಣಗೇ ಇತ್ತು. ಹಾಗೇ ಆಗಬೇಕು, ಗೊತ್ತಾಗಲಿ, ಮೂಲೆ ಮೇಜಿನ ಮೇಲೆ ಬಿಡು ಅಂದೆಯಲ್ಲ. ಎರಡನೇ ಚಾದರಕ್ಕೆ ಚಿಕ್ಕವಳು ನೀರಿನಲ್ಲಿ ಕುಕ್ಕರುಬಡಿದಳು. ಏಳಲಾಗಲಿಲ್ಲ. ಜೊತೆಯವರು ಸುಮ್ಮನೆ ನೋಡಿದರು. ದೊಡ್ಡವಳು ಕೈ ಚಾಚಿದಳು.

ಚಿಕ್ಕವಳು ಆ ಕೈಯನ್ನು ತಳ್ಳಿದಳು. "ಈಗ ಸಮಾಧಾನ ಆಯ್ತಾ? ನನ್ನ ಕುರ್ಚಿ ಹೋಯ್ತು. ನಿನಗೆ ಸಿಕ್ತಾ?"

ಸಿಕ್ಕಿರಲಿಲ್ಲ. ಈ ಸರಳ ಲೆಕ್ಕ ಆಗ ದೊಡ್ಡವಳ ತಲೆಗೆ ಹೋಯಿತು. ಕುರ್ಚಿ ಇವಳಿಂದ ಹೋಯಿತು, ತನಗೆ ಬರಲಿಲ್ಲ. ಹಾಗಾದರೆ ಅದೆಲ್ಲಿದೆ?

ಅಷ್ಟರಲ್ಲಿ ಕುರ್ಚಿಯೇ ಬಂತು. ಇಸ್ತ್ರಿ ಅದನ್ನು ಕಾಲಿನಿಂದ ಒದ್ದು ಒದ್ದು ಹಿಂದಿನ ಕೋಣೆಗೆ ತಳ್ಳಿದ. ಮೂಗಿಗೆ ಕರವಸ್ತ್ರ ಹಿಡಿದಿದ್ದ.

"ಬ್ಲೀಚಿಂಗ್ ಪೌಡರ್ ಹಾಕಿ ಚೆನ್ನಾಗಿ ತಿಕ್ಕಿ ತೊಳಿ," ಎಂದ ದೊಡ್ಡವಳಿಗೆ. "ಗೇಟಿನಲ್ಲಿ ಕೂರೋನಿಗೆ ಕೊಡ್ಬೇಕು. ಬೇಗ. ಹೋಟೆಲಿನವ್ರು ಬರೋ ಹೊತ್ತಾಯ್ತು."

ದೊಡ್ಡವಳು ಬ್ರಷ್ ಎತ್ತಿಕೊಂಡಳು. ಪೌಡರಿನ ಡಬ್ಬಿ ತೆಗೆದಳು. ಘಾಟು ಮೂಗಿಗೆ ಹೊಡೆಯಿತು. ತನ್ನ ಬೆರಳನ್ನು ಇದೇ ಪೌಡರಿನಲ್ಲಿ ಚರ್ಮ ಸುಲಿಯುವವರೆಗೆ ತಿಕ್ಕಿದ್ದು ನೆನಪಾಯಿತು. ಈ ಕುರ್ಚಿಯಲ್ಲಿ ಅವಳು ಒಂದು ಗಳಿಗೆಯೂ ಕೂತಿರಲಿಲ್ಲ. ಕೂರದ ಕುರ್ಚಿಯನ್ನೂ ಅವಳೇ ತೊಳೆಯಬೇಕು.

ಬ್ರಷ್ ಕೆಳಗೆ ಹಾಕಿದಳು. ಗ್ಲೌಸ್ ಕಿತ್ತು ನೀರಿಗೆ ಎಸೆದಳು. ಕುರ್ಚಿಯನ್ನು ಹೊತ್ತುಕೊಂಡು ಮುಂದಿನ ಹಾಲಿಗೆ ನಡೆದಳು. ಗಾಜಿಗೆ ಎದುರಾಗಿ, ಮಡಿಸುವ ಮೇಜಿನ ಪಕ್ಕದಲ್ಲಿ ಹಾಕಿದಳು. ಕೂತಳು. ಬೆನ್ನು ಒರಗಿಸಿದಳು. ಎರಡೂ ಕೈಯನ್ನು ಕುರ್ಚಿಯ ಕೈಗಳ ಮೇಲೆ ಇಟ್ಟಳು. ಬಿಳಿ ಬೆರಳು ರಸ್ತೆಗೆ ಕಾಣುವ ಹಾಗೆ ಇಟ್ಟಳು.

ಇಸ್ತ್ರಿ ಓಡಿ ಬಂದ. "ಏಳು!"

"ಏಳಲ್ಲ."

"ಹುಚ್ಚು ಹಿಡಿದಿದ್ಯಾ? ಅಲ್ಲಿ ಕಾರು ಬಂತು ನೋಡು. ಏಳೇ!"

"ಎಬ್ಬಿಸಿ."

"ಏನಂದೆ?"

"ಎಬ್ಬಿಸಿ ಅಂದೆ. ಮುಟ್ಟಿ ಎಬ್ಬಿಸಿ."

ಇಸ್ತ್ರಿಯ ಕೈ ಮುಂದೆ ಬಂತು. ಅರ್ಧ ದಾರಿಯಲ್ಲಿ ನಿಂತಿತು. ವಾಪಸ್ಸು ಹೋಗಿ ಜೇಬಿಗೆ ಸೇರಿತು. ಅವನು ಗೇಟಿನವನನ್ನು ಕೂಗಿದ. ಗೇಟಿನವನು ಬಂದು ದೊಡ್ಡವಳ ಕೈ ನೋಡಿದ, ತನ್ನ ಕೈ ನೋಡಿಕೊಂಡ, ಗೇಟಿನಲ್ಲಿ ಯಾರೂ ಇಲ್ಲ ಎಂದು ಹೊರಟುಹೋದ. ಮಡಿಸುವವರ ಕಡೆ ಇಸ್ತ್ರಿ ತಿರುಗಿದ. ಎಲ್ಲರೂ ಚಾದರದ ಹಿಂದೆ ಮುಖ ಅಡಗಿಸಿಕೊಂಡರು. ಇಷ್ಟು ದಿನ ಅವಳನ್ನು ದೂರ ಇಟ್ಟದ್ದು ಯಾವುದೋ, ಇವತ್ತು ಅದೇ ಅವಳನ್ನು ಕುರ್ಚಿಯಲ್ಲಿ ಕೂರಿಸಿತ್ತು.

"ಅಂಟೋದಲ್ಲ ಅಂತ ನಾನು ಅವತ್ತೇ ಹೇಳ್ದೆ," ಎಂದಳು ದೊಡ್ಡವಳು. ಅವಳ ಗೊಗ್ಗರು ದನಿ ಹಾಲಿನ ಆ ಕೊನೆಗೂ, ಹಿಂದಿನ ಕೋಣೆಗೂ ಮುಟ್ಟಿತು. "ಬೆಳಿಗ್ಗೆ ಬಂದ್ರೂ ಬರಬಹುದು ಅಂದೆ, ಹೊಟ್ಟೆ ಉರಿಗೆ ಅಂದೆ. ಬರ್ಲೇಬೇಕು ಅಂತಿಲ್ಲ ಅಂತ ಡಾಕ್ಟರಮ್ಮ ಹೇಳಿದ್ರು, ಅದನ್ನ ಮುಚ್ಚಿಟ್ಟೆ. ನನ್ನದು ಹೊಟ್ಟೆಕಿಚ್ಚು, ನಿಮ್ಮದೇನು? ನಿಮ್ಮ ಮನೆಯವ್ರಿಗೂ ಥೈರಾಯಿಡ್ ಇದೆ ಅಂದ್ರಲ್ಲ. ಸಂಜೆ ಹೋಗಿ ಅವ್ರು ಕೂತ ಕುರ್ಚೀನೂ ಬ್ಲೀಚಿಂಗ್ ಹಾಕಿ ತೊಳೀತೀರಾ?"

ಇಸ್ತ್ರಿಯ ಮುಖ ಬಿಳಿಚಿತು. ಮೇಜಿನ ಆ ಕೊನೆಯಿಂದ ಯಾರೋ ಮೆಲ್ಲಗೆ "ಕಲೆ!" ಎಂದರು. ಈ ಸಲ ದೊಡ್ಡವಳ ಕಡೆ ಯಾರೂ ನೋಡಲಿಲ್ಲ.

ಗಾಜಿನಾಚೆ ಹೋಟೆಲಿನವರು ಕಾರಿನಿಂದ ಇಳಿದು ನಿಂತಿದ್ದರು. ಒಳಗೆ ನೋಡುತ್ತಿದ್ದರು. ಕೆಲಸ ಹೋಗುತ್ತದೆ ಎಂದು ದೊಡ್ಡವಳಿಗೆ ಗೊತ್ತಿತ್ತು. ಆದರೂ ಕಾಲನ್ನು ಮುಂದಕ್ಕೆ ಚಾಚಿದಳು.

ಹಿಂದಿನ ಬಾಗಿಲಿನಿಂದ ಚಿಕ್ಕವಳು ಬಂದಳು. ಬಟ್ಟೆಯೆಲ್ಲ ತೊಯ್ದು ತೊಪ್ಪೆ, ನಡೆದಲ್ಲೆಲ್ಲ ನೀರು. ಇಸ್ತ್ರಿಯನ್ನು ದಾಟಿ ಕುರ್ಚಿಯ ಪಕ್ಕ ಬಂದು ನಿಂತಳು. ನಿಲ್ಲಲಾಗದೆ ದೊಡ್ಡವಳ ಕೈಯನ್ನೇ ಊರಿ ಹಿಡಿದಳು, ಬೆರಳ ಮೇಲೆ ಬೆರಳು.

"ಅಕ್ಕ, ಸ್ವಲ್ಪ ಸರಿ."

"ಕುರ್ಚಿ ಚಿಕ್ಕದು."

"ನನ್ನ ಕುರ್ಚಿ. ನನಗೆ ಗೊತ್ತು ಎಷ್ಟು ಜಾಗ ಇದೆ ಅಂತ."

ಈಗಷ್ಟೇ ಸಿಕ್ಕ ಕುರ್ಚಿ. ಅದರಲ್ಲಿ ಅರ್ಧ ಕೊಡಬೇಕು ಅಂದಾಗ ದೊಡ್ಡವಳಿಗೆ ಮತ್ತೆ ಹೊಟ್ಟೆ ಉರಿಯಿತು. ಉರಿಯುತ್ತಲೇ ಸರಿದಳು. ಚಿಕ್ಕವಳು ಕೂತಳು. ಪ್ಲಾಸ್ಟಿಕ್ ಕಿರ್ರೆಂದಿತು, ಮುರಿಯಲಿಲ್ಲ.

"ಸಾರ್," ಎಂದಳು ದೊಡ್ಡವಳು. "ಇಬ್ರಿದ್ದೀವಿ. ಇನ್ನೊಂದು ಕುರ್ಚಿ ತರ್ಸಿ."